ಏರುನಡಿಗೆಯ ಶಕ್ತಿವ್ಯಯ

ಏರುನಡಿಗೆಯ ಶಕ್ತಿವ್ಯಯ ಎಂದರೆ ಏರುದಾರಿ, ಬೆಟ್ಟ ಅಥವಾ ಮೆಟ್ಟಿಲುಗಳನ್ನು ಹತ್ತುವಾಗ ದೇಹವು ಬಳಸುವ ಶಕ್ತಿ. ಇದು ಸಮತಟ್ಟಾದ ನೆಲದ ನಡಿಗೆಗೆ ಬೇಕಾಗುವ ಶಕ್ತಿಗಿಂತ ಬಹಳ ಹೆಚ್ಚು. ಕ್ರಮಿಸಿದ ದೂರಕ್ಕಿಂತ ಏರಿದ ಎತ್ತರವೇ ಇಲ್ಲಿ ಮುಖ್ಯವಾಗುತ್ತದೆ.

ಸಮತಟ್ಟು ನೆಲದಲ್ಲಿ

ಸಮತಟ್ಟಾದ ದಾರಿಯಲ್ಲಿ ನಡೆದವನು ಗುರುತ್ವಾಕರ್ಷಣೆಯ ವಿರುದ್ಧ ಮಾಡಿದ ಒಟ್ಟು ಕೆಲಸ ಸೊನ್ನೆ. ಹಾಗಿದ್ದರೂ ಅವನು ದಣಿಯುವುದೇಕೆಂಬುದು ವಿದ್ಯಾರ್ಥಿಗಳನ್ನು ಕಾಡುವ ನ್ಯಾಯವಾದ ಪ್ರಶ್ನೆ. ಪ್ರತಿ ಹೆಜ್ಜೆಯಲ್ಲೂ ದೇಹದ ಗುರುತ್ವಕೇಂದ್ರ ಕೆಲವು ಸೆಂಟಿಮೀಟರ್ ಏರಿ ಇಳಿಯುತ್ತದೆ. ನೆಲಕ್ಕೂರಿದ ಕಾಲು ತಲೆಕೆಳಗಾದ ಲೋಲಕದಂತೆ ವರ್ತಿಸುವುದರಿಂದ ಪ್ರಚ್ಛನ್ನ ಶಕ್ತಿಯು ಚಲನ ಶಕ್ತಿಯಾಗಿ, ಅದು ಮರಳಿ ಪ್ರಚ್ಛನ್ನ ಶಕ್ತಿಯಾಗಿ ಮಾರ್ಪಡುತ್ತಿರುತ್ತದೆ. ಈ ವಿನಿಮಯದಲ್ಲಿ ನಷ್ಟವಾದುದನ್ನು ಸ್ನಾಯುಗಳು ತುಂಬಬೇಕು. ಕಾಲನ್ನು ಮುಂದಕ್ಕೆ ಬೀಸಲು, ಮೈಯನ್ನು ನೆಟ್ಟಗೆ ಹಿಡಿಯಲು ಕೂಡ ಶಕ್ತಿ ಬೇಕು.

ಏರಿನಲ್ಲಿ

ಏರಿನಲ್ಲಿ ಮೇಲೆತ್ತಿದ ದೇಹ ಮರುಹೆಜ್ಜೆಗೆ ಕೆಳಗಿಳಿಯುವುದಿಲ್ಲ. ಲೋಲಕದ ಉಳಿತಾಯವೂ ಕುಗ್ಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯು ಸುತ್ತಲಿನ ನೆಲದಿಂದ ಸುಮಾರು 140 ಮೀಟರ್ ಎತ್ತರವಿದೆ. 60 ಕಿಲೋಗ್ರಾಂ ತೂಕದವರು ಅದನ್ನು ಹತ್ತಿದಾಗ ಆಗುವ ಕೆಲಸ, ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ, ಸುಮಾರು 82 ಕಿಲೋಜೂಲ್, ಅಂದರೆ 20 ಕಿಲೋಕ್ಯಾಲರಿ. ಸ್ನಾಯುಗಳ ದಕ್ಷತೆ ಸುಮಾರು ಶೇ. 25 ಮಾತ್ರವಾದ್ದರಿಂದ ದೇಹ 80 ಕಿಲೋಕ್ಯಾಲರಿಯಷ್ಟನ್ನು ಖರ್ಚು ಮಾಡುತ್ತದೆ. ಉಳಿದ ಮುಕ್ಕಾಲು ಪಾಲು ಶಾಖವಾಗುತ್ತದೆ. ಬೆಳಗಿನ ತಂಪಿನಲ್ಲೂ ಬೆಟ್ಟ ಹತ್ತುವವರು ಬೆವರುವುದು ಇದರಿಂದಲೇ. ಡೋಲಿ ಹೊರುವವರಿಗೆ ಹೊತ್ತವರ ತೂಕವೂ ಈ ಲೆಕ್ಕಕ್ಕೆ ಸೇರುತ್ತದೆ.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯ ಸೂತ್ರದಂತೆ ಒಂದು ಮೀಟರ್ ಮೇಲೇರಲು ಬೇಕಾಗುವ ಆಮ್ಲಜನಕವು 18 ಮೀಟರ್ ಸಮತಟ್ಟಿನ ನಡಿಗೆಯದಕ್ಕೆ ಸಮ. ಗಂಟೆಗೆ 4.8 ಕಿ.ಮೀ. ವೇಗದಲ್ಲಿ ನಡೆಯುವವರಿಗೆ ಸಮತಟ್ಟಿನಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ ನಿಮಿಷಕ್ಕೆ 11.5 ಮಿಲಿಲೀಟರ್ ಆಮ್ಲಜನಕ ಸಾಕು; ಶೇ. 10ರ ಏರಿನಲ್ಲಿ ಅದು ಸುಮಾರು 26ಕ್ಕೆ ಏರುತ್ತದೆ. ಬಯಲಿನಲ್ಲಿ ಸಲೀಸಾಗಿ ನಡೆಯುವ ಹೃದ್ರೋಗಿಗೆ ಅದೇ ವೇಗದ ಏರು ಅಪಾಯಕಾರಿಯಾಗಬಹುದು. ಟ್ರೆಡ್‌ಮಿಲ್ ಮೇಲಿನ ಹೃದಯ ಪರೀಕ್ಷೆಯಲ್ಲಿ ವೇಗದೊಂದಿಗೆ ಏರನ್ನೂ ಹಂತಹಂತವಾಗಿ ಹೆಚ್ಚಿಸುವುದು ಹೃದಯದ ಮೇಲಿನ ಹೊರೆಯನ್ನು ಹೀಗೆ ಅಳತೆಯಲ್ಲಿ ಏರಿಸಲೆಂದೇ.

ಸುತ್ತುದಾರಿಯಲ್ಲಿ ಹೋದರೆ ಎತ್ತರದ ಕೆಲಸ ಕಡಿಮೆಯಾಗದು. ಅದು ಹೆಚ್ಚು ಹೊತ್ತಿಗೆ ಹಂಚಿಹೋಗುವುದರಿಂದ ಏದುಸಿರು ಮಾತ್ರ ತಗ್ಗುತ್ತದೆ.

ಇಳಿಯುವಾಗ

ಹತ್ತುವಾಗ ಖರ್ಚಾದ ಶಕ್ತಿ ಇಳಿಯುವಾಗ ದೇಹಕ್ಕೆ ಮರಳುವುದಿಲ್ಲ. ಇಟಲಿಯ ಶರೀರಶಾಸ್ತ್ರಜ್ಞ ರೊಡಾಲ್ಫೊ ಮಾರ್ಗಾರಿಯಾ 1938ರಲ್ಲಿ ತೋರಿಸಿದಂತೆ ಸುಮಾರು ಶೇ. 10ರ ಇಳಿಜಾರಿನಲ್ಲಿ ನಡಿಗೆಯ ಖರ್ಚು ಅತ್ಯಂತ ಕಡಿಮೆ. ಅದಕ್ಕಿಂತ ಕಡಿದಾದಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹವನ್ನು ತಡೆದು ಹಿಡಿಯಬೇಕಾಗುವುದರಿಂದ ಖರ್ಚು ಮತ್ತೆ ಹೆಚ್ಚುತ್ತದೆ. ಅಭ್ಯಾಸವಿಲ್ಲದವರಿಗೆ ಮರುದಿನ ಬರುವ ತೊಡೆನೋವಿಗೆ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚಿನ ಕಾರಣ.