ದಿಕ್ಸೂಚಿಯೂ ಉಷ್ಣಮಾಪಕವೂ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಲ್ಲುಬೆಟ್ಟಗಳ ನಾಡು. ಬಿಸಿಲಿಗೂ ಹೆಸರಾದ ನಾಡು. ಪಾವಗಡ ಸೀಮೆಯ ನಿಡುಗಲ್ಲು ದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ ಇವು ದೂರದಿಂದಲೇ ದಾರಿಹೋಕರಿಗೆ ಕಾಣುತ್ತವೆ. ಹೊಲದಲ್ಲಿ ನಿಂತ ರೈತನು ಬೆಟ್ಟದ ನೆಲೆಯನ್ನು ನೋಡಿ ದಿಕ್ಕನ್ನೂ, ನೆರಳಿನ ಉದ್ದವನ್ನು ನೋಡಿ ಹೊತ್ತನ್ನೂ, ಮೈಗೆ ತಗುಲುವ ಗಾಳಿಯಿಂದ ಬಿಸಿಲಿನ ಬಿರುಸನ್ನೂ ಅಂದಾಜು ಮಾಡಬಲ್ಲನು. ದಿನನಿತ್ಯದ ಬದುಕಿಗೆ ಈ ಅಂದಾಜು ಸಾಕು. ಆದರೆ ಮೋಡ ಕವಿದಾಗ ಬೆಟ್ಟ ಮರೆಯಾಗುತ್ತದೆ. ಏಪ್ರಿಲ್ ತಿಂಗಳ ಕೊನೆಯಲ್ಲಿಯೂ ಆಗಸ್ಟ್ ತಿಂಗಳ ನಡುವಿನಲ್ಲಿಯೂ ಸೂರ್ಯನು ಪಾವಗಡದ ನೆತ್ತಿಯ ಮೇಲೆಯೇ ಹಾದುಹೋಗುವುದರಿಂದ ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಬಿಸಿಲಿನ ವಿಷಯದಲ್ಲಂತೂ ಒಬ್ಬನಿಗೆ ಸೆಕೆಯೆನಿಸಿದ್ದು ಮತ್ತೊಬ್ಬನಿಗೆ ಹಿತವೆನಿಸಬಹುದು. ಆದುದರಿಂದಲೇ ಮನುಷ್ಯನು ತನ್ನ ಅಂದಾಜಿಗೆ ಆಸರೆಯಾಗಿ ಎರಡು ಉಪಕರಣಗಳನ್ನು ಕಂಡುಕೊಂಡನು. ಒಂದು ದಿಕ್ಸೂಚಿ, ಇನ್ನೊಂದು ಉಷ್ಣಮಾಪಕ.

ಹಿಂದೆ ಹಡಗುಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಇದ್ದ ಈ ಎರಡು ಉಪಕರಣಗಳು ಇಂದು ಕೆಲವು ಕಾರುಗಳೊಳಗೆ ಒಟ್ಟಿಗೆ ಬಂದು ಕುಳಿತಿವೆ. ಚಾಲಕನ ಮುಂದಿನ ಫಲಕದಲ್ಲಿ ಅಥವಾ ಹಿಂಬದಿಯನ್ನು ತೋರಿಸುವ ಕನ್ನಡಿಯ ಮೂಲೆಯಲ್ಲಿ, ಕಾರು ಯಾವ ದಿಕ್ಕಿಗೆ ಮುಖ ಮಾಡಿದೆ, ಹೊರಗಿನ ಗಾಳಿಯ ಉಷ್ಣತೆ ಎಷ್ಟು ಎಂಬ ಎರಡು ಸಂಗತಿಗಳು ಬೆಳಕಿನ ಅಕ್ಷರಗಳಲ್ಲಿ ಮೂಡುತ್ತವೆ. ಅಕ್ಷರಗಳು ಸ್ಪಷ್ಟವಾಗಿರುವುದರಿಂದ ಅವು ಸತ್ಯವೆಂದೇ ನೋಡುವವನು ನಂಬುತ್ತಾನೆ. ಆದರೆ ಉತ್ತರದ ಕಡೆಗೆ ಹೋಗುತ್ತಿರುವ ಕಾರು ಪೂರ್ವವನ್ನು ತೋರಿಸುವುದುಂಟು. ಸುಡುಬಿಸಿಲಿನಲ್ಲಿ ಹಿಮಗಾಲದ ಅಂಕಿ ಮೂಡುವುದೂ ಉಂಟು. ಹೀಗೇಕೆ ಆಗುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ತಿಳಿದರೆ ಕಾರಿನ ವಿಷಯ ಮಾತ್ರವಲ್ಲ, ಅಳತೆ ಎಂಬುದರ ಗುಟ್ಟೇ ತಿಳಿದಂತಾಗುತ್ತದೆ.

ಮೊದಲು ದಿಕ್ಸೂಚಿಯನ್ನು ನೋಡೋಣ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಅದರ ಸೆಳೆತಕ್ಕೆ ಒಳಗಾಗಿ, ತಡೆಯಿಲ್ಲದೆ ತೂಗುವ ಕಾಂತಸೂಜಿಯು ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಕಾರಿನಲ್ಲಿ ಸೂಜಿ ಇರುವುದಿಲ್ಲ. ಅದರ ಬದಲು ಕಾಂತಬಲವನ್ನು ಗ್ರಹಿಸಿ ವಿದ್ಯುತ್ತಿನ ಸಂಕೇತವಾಗಿ ಮಾರ್ಪಡಿಸುವ ಪುಟ್ಟ ಗ್ರಾಹಕವಿರುತ್ತದೆ. ರೂಪ ಬೇರೆಯಾದರೂ ತತ್ತ್ವ ಒಂದೇ. ಭೂಮಿಯ ಕಾಂತಬಲವು ಬಹಳ ದುರ್ಬಲವಾದುದು. ಕಾರಾದರೋ ಉಕ್ಕಿನ ರಾಶಿ. ಅದರ ಬಾಗಿಲು, ಚಾವಣಿ, ಎಂಜಿನ್ನುಗಳು ತಾವೇ ಅಲ್ಪಸ್ವಲ್ಪ ಅಯಸ್ಕಾಂತಗಳಾಗಿರುತ್ತವೆ. ಧ್ವನಿವರ್ಧಕದಲ್ಲಿಯೂ ಅಯಸ್ಕಾಂತವಿದೆ, ಮೊಬೈಲನ್ನು ಅಂಟಿಸಿ ನಿಲ್ಲಿಸುವ ಹಿಡಿಕೆಯಲ್ಲಿಯೂ ಇದೆ. ದೂರದ ಧ್ರುವದ ಮೆಲುದನಿಯನ್ನು ಕೇಳಬೇಕಾದ ಗ್ರಾಹಕಕ್ಕೆ ಪಕ್ಕದಲ್ಲಿರುವ ಕಬ್ಬಿಣದ ಗದ್ದಲವೇ ದೊಡ್ಡದಾಗಿ ಕೇಳಿಸುತ್ತದೆ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ದಿಕ್ಸೂಚಿಗೂ ಸಲ್ಲುತ್ತದೆ. ನೆರೆಯ ಕಬ್ಬಿಣದಿಂದ ಉಂಟಾಗುವ ಈ ತಪ್ಪಿಗೆ ವಿಚಲನೆ ಎಂದು ಹೆಸರು.

ಈ ತೊಡಕು ಕಾರಿನೊಂದಿಗೆ ಹುಟ್ಟಿದ್ದಲ್ಲ. ಹಡಗುಗಳನ್ನು ಮರದಿಂದ ಕಟ್ಟುವುದನ್ನು ಬಿಟ್ಟು ಕಬ್ಬಿಣದಿಂದ ಕಟ್ಟಲು ಆರಂಭಿಸಿದಾಗಲೇ ನಾವಿಕರು ಇದರಿಂದ ಕಂಗೆಟ್ಟರು. ನಡುಗಡಲಿನಲ್ಲಿ ದಿಕ್ಸೂಚಿ ತಪ್ಪಿದರೆ ಹಡಗು ಬಂಡೆಗೆ ಬಡಿಯುತ್ತದೆ. ಅದು ಜೀವದ ಪ್ರಶ್ನೆ. 1838ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿ ಎಂಬ ವಿಜ್ಞಾನಿಯು ರೇನ್‌ಬೋ ಎಂಬ ಕಬ್ಬಿಣದ ಹಡಗನ್ನು ಪರೀಕ್ಷೆಗೆ ಆರಿಸಿಕೊಂಡನು. ಹಡಗನ್ನು ಬೇರೆ ಬೇರೆ ದಿಕ್ಕುಗಳಿಗೆ ತಿರುಗಿಸಿ, ಪ್ರತಿಯೊಂದು ದಿಕ್ಕಿನಲ್ಲಿಯೂ ಸೂಜಿ ಎಷ್ಟು ತಪ್ಪುತ್ತದೆಂಬುದನ್ನು ಬರೆದಿಟ್ಟುಕೊಂಡನು. ಅನಂತರ ಆ ತಪ್ಪನ್ನು ಸರಿದೂಗಿಸುವಂತೆ ದಿಕ್ಸೂಚಿಯ ಬಳಿ ಅಯಸ್ಕಾಂತಗಳನ್ನೂ ಮೆದು ಕಬ್ಬಿಣದ ತುಂಡುಗಳನ್ನೂ ಇರಿಸಿದನು. ಕಬ್ಬಿಣವನ್ನು ಹಡಗಿನಿಂದ ಹೊರಹಾಕಲು ಸಾಧ್ಯವಿರಲಿಲ್ಲ. ಆದರೆ ಅದರ ಪ್ರಭಾವವನ್ನು ಅಳೆದು ಕಳೆಯಲು ಸಾಧ್ಯವಾಯಿತು.

ಕಾರಿನ ದಿಕ್ಸೂಚಿಯನ್ನು ಸರಿಪಡಿಸುವ ಕ್ರಮವೂ ಇದೇ. ಮೊದಲು ಗ್ರಾಹಕದ ಬಳಿಯಿರುವ ಅಯಸ್ಕಾಂತಗಳನ್ನು ತೆಗೆಯಬೇಕು. ಅನಂತರ ಕಾರನ್ನು ವಿದ್ಯುತ್ ತಂತಿ, ಕಬ್ಬಿಣದ ಸೇತುವೆ, ತಗಡಿನ ಗೋದಾಮುಗಳಿಂದ ದೂರವಾದ ಬಯಲಿಗೆ ಒಯ್ಯಬೇಕು. ಕಾರಿನ ಕೈಪಿಡಿಯಲ್ಲಿ ಹೇಳಿದ ಗುಂಡಿಯನ್ನು ಒತ್ತಿ ತಿದ್ದುಪಡಿಯನ್ನು ಆರಂಭಿಸಿ, ಎರಡು ಮೂರು ಬಾರಿ ನಿಧಾನವಾಗಿ ಪೂರ್ಣ ಸುತ್ತು ಹಾಕಬೇಕು. ಸುತ್ತು ಹಾಕುವುದರಿಂದ ಏನಾಗುತ್ತದೆ? ಎತ್ತಿನ ಗಾಡಿಯಲ್ಲಿ ಕುಳಿತವನನ್ನು ನೆನೆಯೋಣ. ಗಾಡಿ ಕಣದಲ್ಲಿ ಒಂದು ಸುತ್ತು ತಿರುಗಿದಾಗ ಮೂಕಿ, ಗೂಟ, ನೊಗಗಳು ಅವನೊಂದಿಗೆ ತಿರುಗುವುದರಿಂದ ಸದಾ ಅವನ ಎದುರಿನಲ್ಲಿಯೇ ಇರುತ್ತವೆ. ದೂರದ ಬೆಟ್ಟವಾದರೋ ಒಮ್ಮೆ ಎದುರಿಗೆ, ಒಮ್ಮೆ ಎಡಕ್ಕೆ, ಒಮ್ಮೆ ಹಿಂದಕ್ಕೆ ಬರುತ್ತದೆ. ಯಾವುದು ತನ್ನೊಂದಿಗೆ ತಿರುಗಿತೋ ಅದು ಗಾಡಿಯದು. ಯಾವುದು ತಿರುಗದೆ ನಿಂತಿತೋ ಅದು ನೆಲದ್ದು. ಕಾರಿನ ಗ್ರಾಹಕವೂ ಹೀಗೆಯೇ ಒಂದು ಸುತ್ತಿನಲ್ಲಿ ಕಾರಿನ ಕಾಂತಬಲವನ್ನೂ ಭೂಮಿಯ ಕಾಂತಬಲವನ್ನೂ ಬೇರ್ಪಡಿಸಿ, ಮೊದಲನೆಯದನ್ನು ಲೆಕ್ಕದಿಂದ ಕಳೆದುಬಿಡುತ್ತದೆ.

ಇನ್ನೊಂದು ತಿದ್ದುಪಡಿಯೂ ಉಂಟು. ಭೂಮಿಯ ಕಾಂತಧ್ರುವವು ನಕ್ಷೆಯಲ್ಲಿ ತೋರಿಸುವ ಉತ್ತರ ಧ್ರುವದಲ್ಲಿಯೇ ಇಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ನಾವಿಕನು ಅದನ್ನು ಕೆನಡಾ ದೇಶದ ಉತ್ತರದ ಹಿಮಪ್ರದೇಶದಲ್ಲಿ ಗುರುತಿಸಿದನು. ಅಂದಿನಿಂದ ಅದು ಸರಿಯುತ್ತ ಸರಿಯುತ್ತ ಸೈಬೀರಿಯದ ಕಡೆಗೆ ಸಾಗಿದೆ. ಆದುದರಿಂದ ನಿಜವಾದ ಉತ್ತರಕ್ಕೂ ಸೂಜಿ ತೋರುವ ಉತ್ತರಕ್ಕೂ ಅಂತರವಿರುತ್ತದೆ. ಇದಕ್ಕೆ ದಿಕ್ಪಾತ ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಅಂತರ ಬಹಳ ಅಲ್ಪ. ಬೇರೆ ಕೆಲವು ದೇಶಗಳಲ್ಲಿ ಇದು ಹತ್ತು ಡಿಗ್ರಿಗೂ ಮೀರುತ್ತದೆ. ಅಂತಹ ಕಡೆಗಳಲ್ಲಿ ಕಾರು ಇರುವ ಪ್ರದೇಶವನ್ನು ದಿಕ್ಸೂಚಿಗೆ ತಿಳಿಸಿಕೊಡಬೇಕಾಗುತ್ತದೆ.

ನೆರೆಹೊರೆಯ ಕಾಂತಪ್ರಭಾವಕ್ಕೆ ವಿಜ್ಞಾನಿಗಳು ಎಷ್ಟು ಅಂಜುತ್ತಾರೆಂಬುದಕ್ಕೆ ಭಾರತದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಬಲವನ್ನು ಅಳೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನಗರದಲ್ಲಿ ವಿದ್ಯುತ್ ಟ್ರಾಮುಗಳನ್ನು ಓಡಿಸುವ ಯೋಜನೆ ಸಿದ್ಧವಾಯಿತು. ವಿದ್ಯುತ್ ಹರಿಯುವಲ್ಲಿ ಕಾಂತಬಲವೂ ಹುಟ್ಟುವುದರಿಂದ ಅಳತೆಗಳೆಲ್ಲ ಕೆಡುವುದು ಖಂಡಿತವಾಗಿತ್ತು. ಆಗ ವೀಕ್ಷಣಾಲಯದ ನಿರ್ದೇಶಕರಾಗಿದ್ದ ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್ ಅವರು ಸಮುದ್ರದಾಚೆಯ ಅಲಿಬಾಗ್ ಎಂಬ ಊರಿನಲ್ಲಿ ಹೊಸ ವೀಕ್ಷಣಾಲಯವನ್ನು ಸ್ಥಾಪಿಸಿದರು. ಅದನ್ನು ಕಾಂತಗುಣವಿಲ್ಲದ ಕಲ್ಲಿನಿಂದ ಕಟ್ಟಿ, ಕಬ್ಬಿಣಕ್ಕೆ ಎಡೆಗೊಡದೆ ಹಿತ್ತಾಳೆ ತಾಮ್ರಗಳನ್ನು ಬಳಸಿದರು. 1904ರಿಂದ 1906ರವರೆಗೆ ಎರಡು ಕಡೆಗಳಲ್ಲಿಯೂ ಏಕಕಾಲದಲ್ಲಿ ಅಳತೆ ನಡೆಯಿತು. ಹೊಸ ಜಾಗದ ಲೆಕ್ಕವು ಹಳೆಯ ಲೆಕ್ಕಕ್ಕೆ ಹೊಂದಿಕೊಳ್ಳುವಂತೆ ನೋಡಿಕೊಂಡ ಮೇಲೆಯೇ ಅವರು ಹಳೆಯ ಜಾಗವನ್ನು ಬಿಟ್ಟರು. ಅಲಿಬಾಗಿನ ದಾಖಲೆಗಳು ಇಂದಿಗೂ ಲೋಕಮಾನ್ಯವಾಗಿರುವುದಕ್ಕೆ ಈ ಎಚ್ಚರವೇ ಕಾರಣ.

ಇನ್ನು ಉಷ್ಣಮಾಪಕದ ಕಥೆ. ಕಾರಿನಲ್ಲಿ ಪಾದರಸದ ನಳಿಗೆಯಿಲ್ಲ. ಮುಂಭಾಗದ ಬಂಪರಿನ ಹಿಂದೆ, ಗಾಳಿ ತಾಗುವ ಕಡೆ, ಥರ್ಮಿಸ್ಟರ್ ಎಂಬ ಸಣ್ಣ ವಸ್ತುವನ್ನು ಇರಿಸಿರುತ್ತಾರೆ. ಉಷ್ಣತೆ ಏರಿದಂತೆ ಇದು ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುತ್ತದೆ. ಉಷ್ಣತೆ ಇಳಿದಂತೆ ತಡೆ ಏರುತ್ತದೆ. ತಡೆಯನ್ನು ಅಳೆದು ಯಂತ್ರವು ಉಷ್ಣತೆಯನ್ನು ಲೆಕ್ಕಹಾಕುತ್ತದೆ.

ಇದಕ್ಕೂ ಸಹವಾಸ ದೋಷ ತಪ್ಪಿದ್ದಲ್ಲ. ಶಿರಾದ ಹೆದ್ದಾರಿಯ ಬದಿಯಲ್ಲಿ ಬಿಸಿಲಿಗೆ ನಿಂತ ಕಾರಿನ ಮೇಲೆ ಡಾಂಬರಿನ ಕಾವು ಬಡಿಯುತ್ತದೆ. ಒಳಗಿನಿಂದ ಎಂಜಿನ್ನಿನ ಕಾವು ಹೊಮ್ಮುತ್ತದೆ. ಆಗ ಮೂಡುವ ಅಂಕಿ ಊರಿನ ಉಷ್ಣತೆಯಲ್ಲ, ಬಂಪರಿನ ಉಷ್ಣತೆ. ಈ ಕಾರಣದಿಂದ ಅನೇಕ ಕಾರುಗಳಲ್ಲಿ ವಾಹನವು ಸ್ವಲ್ಪ ಹೊತ್ತು ವೇಗವಾಗಿ ಚಲಿಸಿ ಹೊಸ ಗಾಳಿ ಬೀಸಿದ ಮೇಲೆಯೇ ಅಂಕಿ ಬದಲಾಗುವಂತೆ ಏರ್ಪಾಟು ಮಾಡಿರುತ್ತಾರೆ. ಅಂಕಿ ಕೂಡಲೇ ಬದಲಾಗಲಿಲ್ಲವೆಂದು ಯಂತ್ರ ಕೆಟ್ಟಿತೆಂದು ತಿಳಿಯಬಾರದು.

ನಿಜವಾಗಿ ಕೆಟ್ಟಾಗ ತಪ್ಪಿನ ಸ್ವರೂಪವೇ ಕಾರಣವನ್ನು ಹೇಳುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಉಷ್ಣತೆ ತೋರಿದರೆ ನಗು ಬರುವುದು ಸಹಜ. ಆದರೆ ಕುಶಲನಾದ ಮೆಕ್ಯಾನಿಕ್ ನಗುವುದಿಲ್ಲ. ತಂತಿ ತುಂಡಾಗಿದೆಯೆಂದು ಊಹಿಸುತ್ತಾನೆ. ತಂತಿ ತುಂಡಾದರೆ ವಿದ್ಯುತ್ತಿಗೆ ತಡೆ ಅಪಾರವಾಗುತ್ತದೆ. ತಡೆ ಅಪಾರವೆಂದರೆ ಚಳಿ ಅಪಾರವೆಂದೇ ಯಂತ್ರದ ತರ್ಕ. ಬದಲಾಗಿ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ತಡೆ ಇಲ್ಲವಾಗಿ, ಅಸಾಧ್ಯವಾದ ಕಾವು ಮೂಡುತ್ತದೆ. ಸದಾ ನಾಲ್ಕಾರು ಡಿಗ್ರಿ ಹೆಚ್ಚು ತೋರುತ್ತಿದ್ದರೆ ಥರ್ಮಿಸ್ಟರ್ ತನ್ನ ಜಾಗದಿಂದ ಕಳಚಿ ಎಂಜಿನ್ನಿನ ಕಡೆಗೆ ಜೋತುಬಿದ್ದಿರಬಹುದು, ಇಲ್ಲವೇ ಕೆಸರು ಮೆತ್ತಿರಬಹುದು. ಸಂದೇಹ ಉಳಿದರೆ ಅದನ್ನು ಬಿಚ್ಚಿ, ಪುಡಿಮಾಡಿದ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಅದ್ದಿ ತಡೆಯನ್ನು ಅಳೆಯುತ್ತಾರೆ. ಕರಗುವ ಮಂಜುಗಡ್ಡೆಯ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್ ಎಂಬುದು ಪ್ರಕೃತಿಯೇ ಕೊಟ್ಟ ಅಳತೆಗಲ್ಲು. ಆ ಉಷ್ಣತೆಗೆ ತಯಾರಕರು ಕೊಟ್ಟಿರುವ ತಡೆಯ ಅಂಕಿಯೊಂದಿಗೆ ಹೋಲಿಸಿದರೆ ಸಂದೇಹ ಪರಿಹಾರವಾಗುತ್ತದೆ.

ಹವಾಮಾನವನ್ನು ಅಳೆಯುವ ಕೇಂದ್ರಗಳಲ್ಲಿ ಉಷ್ಣಮಾಪಕದ ಜಾಗಕ್ಕೆ ಇನ್ನೂ ಹೆಚ್ಚಿನ ಮಹತ್ತ್ವವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಥಾಮಸ್ ಸ್ಟೀವನ್‌ಸನ್ ಎಂಬ ಎಂಜಿನಿಯರನು ಇದಕ್ಕಾಗಿ ಒಂದು ಪೆಟ್ಟಿಗೆಯನ್ನು ರೂಪಿಸಿದನು. ಬಿಸಿಲನ್ನು ಹಿಂದೆ ಸರಿಸಲು ಬಿಳಿಯ ಬಣ್ಣ, ಗಾಳಿ ಆಡಲು ಓರೆ ಪಟ್ಟಿಗಳ ಗೋಡೆ, ನೆಲದ ಕಾವು ತಗುಲದಂತೆ ಎತ್ತರದ ಕಾಲುಗಳು ಇವು ಅದರ ಲಕ್ಷಣಗಳು. ಗೋಡೆಯ ಕಾವನ್ನಲ್ಲ, ನೆಲದ ಕಾವನ್ನಲ್ಲ, ಗಾಳಿಯ ಕಾವನ್ನು ಮಾತ್ರ ಅಳೆಯಬೇಕೆಂಬುದೇ ಇದರ ಉದ್ದೇಶ.

ಇಂತಹ ಎಚ್ಚರವು ನಿಡುಗಲ್ಲು ಸೀಮೆಯ ಬದುಕಿಗೆ ನೇರವಾಗಿ ಸಂಬಂಧಿಸಿದ್ದು. ಬರಗಾಲದ ಮೇಲ್ವಿಚಾರಣೆಗೆಂದು 1988ರಲ್ಲಿ ಆರಂಭವಾದ ಸಂಸ್ಥೆಯು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರಿನಲ್ಲಿ ಬೆಳೆದು, ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ನಿಲ್ಲಿಸಿದೆ. ಹೋಬಳಿಯ ಕೇಂದ್ರವು ಉಷ್ಣತೆಯನ್ನು ಅಳೆಯುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂಬುದನ್ನೂ ತಿಳಿಸುತ್ತದೆ. ಗಾಳಿಕೋಲನ್ನು ನೆಡುವಾಗ ಉತ್ತರವನ್ನು ತಪ್ಪಾಗಿ ಗುರುತಿಸಿದರೆ ನೈಋತ್ಯದ ಗಾಳಿ ದಾಖಲೆಯಲ್ಲಿ ಪಶ್ಚಿಮದ ಗಾಳಿಯಾಗಿಬಿಡುತ್ತದೆ. ತೋಟಗಾರಿಕೆ ಬೆಳೆಗಳಿಗೆ ಹವಾಮಾನವನ್ನು ಆಧರಿಸಿದ ವಿಮೆಯೂ ಇರುವುದರಿಂದ, ಯಂತ್ರ ಬರೆಯುವ ಅಂಕಿಯ ಮೇಲೆ ರೈತನ ಪರಿಹಾರವು ನಿಂತಿರುತ್ತದೆ. ಅಲ್ಲಿ ಅಳತೆಯ ತಪ್ಪು ಅನ್ಯಾಯವಾಗಿ ಪರಿಣಮಿಸುತ್ತದೆ.

ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನದಂತಹ ಕಡೆಗಳಲ್ಲಿಯೂ ಈ ಎರಡು ತಿಳಿವುಗಳು ಬೇಕು. ಸೌರಫಲಕವನ್ನು ಕದಲದಂತೆ ಒಂದೇ ಕಡೆಗೆ ನಿಲ್ಲಿಸುವುದಾದರೆ ಕರ್ನಾಟಕದಲ್ಲಿ ಅದರ ಮುಖವು ದಕ್ಷಿಣಕ್ಕಿರಬೇಕು. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುತ್ತದೆ. ಆದರೆ ಫಲಕವೇ ಕಾದಷ್ಟೂ ಅದರ ದಕ್ಷತೆ ಇಳಿಯುತ್ತದೆ. ಆದುದರಿಂದ ದಿಕ್ಕೂ ಉಷ್ಣತೆಯೂ ಅಲ್ಲಿ ವಿದ್ಯುತ್ತಿನ ಲೆಕ್ಕದಲ್ಲಿಯೇ ಸೇರಿವೆ.

ದಿಕ್ಸೂಚಿಯನ್ನು ಪರೀಕ್ಷಿಸಲು ಮತ್ತೊಂದು ದಿಕ್ಸೂಚಿಯೇ ಬೇಕೆಂದಿಲ್ಲ. ನಮ್ಮ ಪೂರ್ವಿಕರು ಬಳಸುತ್ತಿದ್ದ ಶಂಕುವಿನ ವಿಧಾನವನ್ನು ಶಾಲೆಯ ಅಂಗಳದಲ್ಲಿ ಯಾರು ಬೇಕಾದರೂ ಮಾಡಬಹುದು. ಸಮತಟ್ಟಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತ ಎಳೆಯಬೇಕು. ಬೆಳಗ್ಗೆ ಕುಗ್ಗುವ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಬೆಳೆಯುವ ನೆರಳಿನ ತುದಿ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು ಮಾಡಬೇಕು. ಇವೆರಡನ್ನು ಸೇರಿಸುವ ಗೆರೆಯೇ ಪೂರ್ವ ಪಶ್ಚಿಮ. ಅದಕ್ಕೆ ಲಂಬವಾದುದು ಉತ್ತರ ದಕ್ಷಿಣ. ಆ ಗೆರೆಯ ಮೇಲೆ ಕಾಂತಸೂಜಿಯನ್ನಿಟ್ಟು ನೋಡಿ, ಅನಂತರ ಪಕ್ಕದಲ್ಲೊಂದು ಕುಡುಗೋಲನ್ನಿಟ್ಟು ನೋಡಿದರೆ ಸಹವಾಸ ದೋಷವೆಂದರೇನೆಂಬುದು ಕಣ್ಣೆದುರಿಗೇ ತಿಳಿಯುತ್ತದೆ.

ಉಪಕರಣವು ಸುಳ್ಳು ಹೇಳುವುದಿಲ್ಲ. ತನಗೆ ತಗುಲಿದುದನ್ನು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ತಗುಲಿದ್ದು ಲೋಕದ್ದೋ ನೆರೆಮನೆಯದೋ ಎಂದು ವಿವೇಚಿಸುವ ಹೊಣೆ ಮಾತ್ರ ಮನುಷ್ಯನದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದುದು ಬೆಳಕಿನ ಅಕ್ಷರಗಳಲ್ಲಿ ಮೂಡುವ ಅಂಕಿಗೂ ಅನ್ವಯಿಸುತ್ತದೆ.