ತಲೆನೋವಿನೊಡನೆ ಕಣ್ಣು ಮಿಂಚಿದರೆ, ಕೈ ಜೋಮು ಹಿಡಿದರೆ

ತಲೆನೋವು ಬಾರದ ಮನುಷ್ಯನಿಲ್ಲ. ಬಿಸಿಲಲ್ಲಿ ದುಡಿದು, ಹೊತ್ತಿಗೆ ಸರಿಯಾಗಿ ಉಣ್ಣದೆ, ನಿದ್ದೆಗೆಟ್ಟರೆ ಯಾರಿಗಾದರೂ ತಲೆ ಸಿಡಿಯುತ್ತದೆ. ಆದರೆ ನೋವಿಗೆ ಮುಂಚೆ ಕಣ್ಣೆದುರು ಮಿಂಚು ಸುಳಿದರೆ, ಕೈ ಜೋಮು ಹಿಡಿದರೆ, ಮಾತು ತೊದಲಿದರೆ ಮನೆಮಂದಿ ಗಾಬರಿಯಾಗುತ್ತಾರೆ. ಕೆಲವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾರೆ. ಕೆಲವರು ಪಿತ್ತವೆಂದು ಸುಮ್ಮನಾಗುತ್ತಾರೆ. ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ತಡಮಾಡಬಾರದು ಎಂಬುದನ್ನು ಸದಸ್ಯ ಬಂಧುಗಳ ತಿಳಿವಳಿಕೆಗಾಗಿ ಇಲ್ಲಿ ವಿವರಿಸಿದ್ದೇವೆ.

ಅರೆತಲೆನೋವಿನ ಮುನ್ಸೂಚನೆ

ಬೆಂಗಳೂರು ಸುತ್ತಿನ ಪಟ್ಟಣ, ಹಳ್ಳಿಗಳ 2,329 ಮಂದಿಯನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಲ್ವರಲ್ಲಿ ಒಬ್ಬರಿಗೆ ವರ್ಷದೊಳಗೆ ಅರೆತಲೆನೋವು, ಅಂದರೆ ಮೈಗ್ರೇನ್, ಬಂದಿತ್ತು. ಇಂಥವರಲ್ಲಿ ಕೆಲವರಿಗೆ ಮಾತ್ರ ಮುನ್ಸೂಚನೆ ಕಾಣುತ್ತದೆ. ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಒಂದು ಅಲೆ ಹರಿಯುತ್ತದೆ. ಅದು ನೋಟದ ಭಾಗದಲ್ಲಿದ್ದಾಗ ಅಂಕುಡೊಂಕು ಬೆಳಕಿನ ಗೆರೆಗಳು ಕಾಣುತ್ತವೆ; ಸ್ಪರ್ಶದ ಭಾಗ ಮುಟ್ಟಿದಾಗ ಬೆರಳಿನ ಜೋಮು ಮೆಲ್ಲಗೆ ತೋಳಿಗೆ, ತುಟಿಗೆ, ನಾಲಿಗೆಗೆ ಏರುತ್ತದೆ. ಹೀಗೆ ನಿಧಾನವಾಗಿ ಹರಡಿ, 5ರಿಂದ 60 ನಿಮಿಷದೊಳಗೆ ಪೂರ್ತಿ ಮಾಯವಾಗುವುದೇ ಇದರ ಗುರುತು. ಆಮೇಲೆ ಸಿಡಿತ, ವಾಕರಿಕೆ, ಬೆಳಕು ಸಹಿಸದಿರುವುದು ಬರುತ್ತವೆ. ಮೊದಲ ಸಲ ಹೀಗಾದವರು ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಲೇಬೇಕು.

ತಡಮಾಡಬಾರದ ಲಕ್ಷಣಗಳು

1. ಒಮ್ಮೆಲೇ ಸಿಡಿಲು ಬಡಿದಂತೆ ಬಂದ, ಹಿಂದೆಂದೂ ಕಾಣದಂಥ ನೋವು.
2. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಬಿದ್ದುಹೋಗುವುದು, ಮಾತು ನಿಲ್ಲುವುದು. ಇದು ಲಕ್ವ ಇರಬಹುದು.
3. ಜ್ವರದೊಡನೆ ಕತ್ತು ಬಿಗಿಯುವುದು, ಪ್ರಜ್ಞೆ ಮಂಕಾಗುವುದು, ಫಿಟ್ಸ್ ಬರುವುದು.
4. ಮರದಿಂದಲೋ ವಾಹನದಿಂದಲೋ ಬಿದ್ದ ಬಳಿಕ ಹೆಚ್ಚುವ ನೋವು.
5. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಅಥವಾ ಮುನ್ಸೂಚನೆ ಒಂದು ಗಂಟೆ ಮೀರಿ ಉಳಿಯುವುದು.
6. ಗರ್ಭಿಣಿ, ಬಾಣಂತಿಯರ ತೀವ್ರ ತಲೆನೋವು. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪದ್ಧತಿ ಅಪಾಯಕಾರಿ. ಮೈಯಲ್ಲಿ ನೀರು ಬತ್ತಿದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ.

ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಆದ್ದರಿಂದ ಮುಳಬಾಗಿಲಿನ ಅಂಚಿನ ಹಳ್ಳಿಯವರಾಗಲಿ, ಮಾಲೂರಿನವರಾಗಲಿ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು.

ಔಷಧಿ ಸಿಂಪಡಿಸಿದ ಮೇಲಿನ ತಲೆನೋವು

ಶ್ರೀನಿವಾಸಪುರದ ಮಾವಿನ ತೋಪಿನಲ್ಲಾಗಲಿ, ಕೋಲಾರದ ಟೊಮೇಟೊ ಹೊಲದಲ್ಲಾಗಲಿ, ನಮ್ಮ ಕಾಫಿ, ಅಡಿಕೆ ತೋಟದಲ್ಲಾಗಲಿ, ಕೀಟನಾಶಕ ಹೊಡೆದವರಿಗೆ ತಲೆನೋವಿನೊಡನೆ ಕಣ್ಣು ಮಂಜಾಗಿ, ಬೆವರು, ಜೊಲ್ಲು ಸುರಿದು, ಎದೆ ಬಿಗಿದರೆ ಅದನ್ನು ಅರೆತಲೆನೋವೆಂದು ತಿಳಿಯಬಾರದು. ಅದು ವಿಷವೇರಿದ ಲಕ್ಷಣ. ಕೈಗವಸು ತೊಟ್ಟು ಅವರ ಬಟ್ಟೆ ಕಳಚಿಸಿ, ಮೈಯನ್ನು ಸೋಪಿನಿಂದ ತೊಳೆದು, ಔಷಧಿಯ ಡಬ್ಬಿಯೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹತ್ತಿರದಲ್ಲೇ ಇರುವ ನೆರವು

ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಬಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆಗಳನ್ನು ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಆದ್ದರಿಂದ ತುರ್ತಿಲ್ಲದ ತಲೆನೋವಿಗೆ ಮೊದಲು ಊರಿನ ಆರೋಗ್ಯ ಕೇಂದ್ರದಲ್ಲೇ ವಿಚಾರಿಸಬಹುದು.

ಅಂಗಡಿಯ ನೋವಿನ ಗುಳಿಗೆಯನ್ನು ತಿಂಗಳಲ್ಲಿ ಹದಿನೈದು ದಿನ ನುಂಗುತ್ತ ಹೋದರೆ ಗುಳಿಗೆಯೇ ತಲೆನೋವು ತರುತ್ತದೆ. ಮುನ್ಸೂಚನೆಯುಳ್ಳವರು ಬೀಡಿ, ಸಿಗರೇಟು ಬಿಡಬೇಕು. ಅಂಥ ಹೆಂಗಸರು ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಮುನ್ನ ವೈದ್ಯರಿಗೆ ಈ ವಿಷಯ ಹೇಳಲೇಬೇಕು. ನೋವು ಬಂದ ದಿನ, ಹೊತ್ತು, ಉಂಡದ್ದು, ನಿದ್ದೆ, ತಲೆಗೆ ಸ್ನಾನ ಮಾಡಿದ್ದು, ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ವೈದ್ಯರಿಗೆ ತೋರಿಸಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ ಸರಿ.