ನಗಿಸಿದ ಕಂಪನಿಯ ಅಂಗಳದಿಂದ ‘ಚೋಮನ ದುಡಿ’ಯವರೆಗೆ

“ಹಾಸ್ಯಚಿತ್ರ ಹೊತ್ತು ಕಳೆಯುವುದಕ್ಕೆ, ಗಂಭೀರಚಿತ್ರ ಪ್ರಶಸ್ತಿ ಪಡೆಯುವುದಕ್ಕೆ” ಎಂಬ ಮಾತು ನಮ್ಮ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ದಿನವಿಡೀ ಕಂಡ ಕಷ್ಟ ಸಾಲದೆ ಪರದೆಯ ಮೇಲೂ ಕಷ್ಟವನ್ನೇ ನೋಡಬೇಕೆ ಎಂದು ಹಿರಿಯರು ಕೇಳುತ್ತಾರೆ. ಬರಿಯ ನಗೆಯಿಂದ ಸಮಾಜಕ್ಕೇನು ಪ್ರಯೋಜನವೆಂದು ಓದಿದ ಮಕ್ಕಳು ಕೇಳುತ್ತಾರೆ. ಇಬ್ಬರೂ ಹಾಸ್ಯ ಮತ್ತು ವಾಸ್ತವಗಳನ್ನು ಎರಡು ಬೇರೆ ಊರುಗಳೆಂದು ಭಾವಿಸಿದಂತಿದೆ. ತುಮಕೂರು ಸೀಮೆಯ ಕಲೆಯ ಇತಿಹಾಸವನ್ನು ಬಲ್ಲವರಿಗೆ ಈ ವಿಂಗಡಣೆ ಅಷ್ಟು ಸುಲಭವಾಗಿ ಒಪ್ಪಿತವಾಗದು.

ಗುಬ್ಬಿಯ ಶ್ರೀ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡೆಲ್ಲ ‘ಗುಬ್ಬಿ ಕಂಪನಿ’ ಎಂದೇ ಕರೆಯಿತು. ಬಾಲ್ಯದಲ್ಲಿಯೇ ಆ ಕಂಪನಿಯನ್ನು ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನು ರಂಗದ ಮೇಲೆ ತಂದವರು. ಆದರೆ ಜನ ಅವರನ್ನು ನೆನೆಯುವುದು ಆನೆಗಳಿಗಾಗಿ ಅಲ್ಲ, ‘ಸದಾರಮೆ’ಯ ಕಳ್ಳನಿಗಾಗಿ. ಕಂಪನಿಯ ಒಡೆಯನೇ ಹಾಸ್ಯಪಾತ್ರವನ್ನು ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಕಿರೀಟ ತೊಡುವ ಪಾತ್ರ ಬೇಕೆಂದಿದ್ದರೆ ಅವರನ್ನು ತಡೆಯುವವರು ಯಾರಿದ್ದರು? ತಮ್ಮ ಆತ್ಮಕಥೆಗೆ ಅವರು ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಶರಣರ ಕಾಯಕತತ್ತ್ವವನ್ನು ಬಲ್ಲ ನಮಗೆ ಆ ಹೆಸರಿನ ತೂಕ ತಿಳಿಯುತ್ತದೆ. ನಗಿಸುವುದನ್ನು ಅವರು ಕಾಯಕವೆಂದು ಎಣಿಸಿದ್ದರು.

‘ಸದಾರಮೆ’ಯನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ತುಮಕೂರು ಸಮೀಪದ ಬೆಳ್ಳಾವೆಯವರೇ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಾಹಿತ್ಯ ಒದಗಿಸಿದ್ದೂ ಅವರೇ. ಮರುವರ್ಷ ‘ಸದಾರಮೆ’ಯೂ ಚಲನಚಿತ್ರವಾಯಿತು. ಆ ಕಥೆಯಲ್ಲಿ ಮಗಳನ್ನು ಕೊಡಲು ರಾಜ್ಯವನ್ನೇ ಕೇಳುವ ಲೋಭಿ ವರ್ತಕನಿದ್ದಾನೆ. ಜನ ಅವನನ್ನು ಕಂಡು ನಗುತ್ತಿದ್ದರು. ಆದರೆ ಮದುವೆಯ ಮಾತುಕತೆಗೆ ಕುಳಿತಾಗ ಕೊಡುವುದೆಷ್ಟು, ತರುವುದೆಷ್ಟು ಎಂಬ ಲೆಕ್ಕ ಇಂದಿಗೂ ಎಷ್ಟು ಮನೆಗಳಲ್ಲಿ ನಿಂತಿದೆ? ಅದೇ ಸಂಗತಿಯನ್ನು ಉಪದೇಶವಾಗಿ ಹೇಳಿದ್ದರೆ ಎದ್ದುಹೋಗುತ್ತಿದ್ದ ಹಿರಿಯರು ನಗುವಿನ ನೆಪದಲ್ಲಿ ಕುಳಿತು ಕೇಳಿದರು. ಹಾಸ್ಯದ ಮೊದಲ ಬೆಲೆ ನಮಗೆ ಕಾಣುವುದು ಇಲ್ಲಿ.

ವಾಸ್ತವದ ಕಡೆಯ ಕಥೆಯೂ ಇದೇ ಕಾಲದಲ್ಲಿ ಆರಂಭವಾಯಿತು. 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಸಂಸಾರ ನೌಕೆ’ಯನ್ನು ನಿರ್ದೇಶಿಸಿದಾಗ ಪುರಾಣದ ದೇವತೆಗಳ ಬದಲು ನಮ್ಮಂಥ ಸಂಸಾರವಂದಿಗರು ಕನ್ನಡ ಪರದೆಯ ಮೇಲೆ ಬಂದರು. ಅದು ಕನ್ನಡದ ಮೊದಲ ಸಾಮಾಜಿಕ ಚಿತ್ರ. ಅದೇ ಸಿಂಹ ಅವರು 1954ರಲ್ಲಿ ಗುಬ್ಬಿ ವೀರಣ್ಣನವರ ನಿರ್ಮಾಣದ ‘ಬೇಡರ ಕಣ್ಣಪ್ಪ’ವನ್ನೂ ನಿರ್ದೇಶಿಸಿದರು. ಗುಬ್ಬಿ ಕಂಪನಿಯಲ್ಲಿ ಬೆಳೆದ ರಾಜ್‌ಕುಮಾರ್ ನಾಯಕನಾದದ್ದು, ತಿಪಟೂರಿನಲ್ಲಿ ಜನಿಸಿದ ನರಸಿಂಹರಾಜು ಚಿತ್ರರಂಗಕ್ಕೆ ಬಂದದ್ದು ಆ ಚಿತ್ರದಿಂದಲೇ.

‘ಬೇಡರ ಕಣ್ಣಪ್ಪ’ ಭಕ್ತಿಚಿತ್ರವೆಂದು ನಾವೆಲ್ಲ ಬಲ್ಲೆವು. ಶಿವಲಿಂಗಕ್ಕೆ ಮಾಂಸವನ್ನು ನೈವೇದ್ಯ ಮಾಡಿ ಕಡೆಗೆ ಕಣ್ಣನ್ನೇ ಕಿತ್ತುಕೊಟ್ಟ ಭಕ್ತನ ಕಥೆಯದು. ಸ್ವಲ್ಪ ನಿಧಾನಿಸಿ ನೋಡಿದರೆ ಅದರೊಳಗೆ ದೇವಾಲಯದ ಅರ್ಚಕನ ಲೋಭವಿದೆ, ನಿರಪರಾಧಿಯಾದ ಬೇಡನ ಮೇಲೆ ಹೊರಿಸುವ ಕಳವಿನ ಆರೋಪವಿದೆ, ಕೆಳಗಿನವನೆಂದು ತಳ್ಳುವ ಕ್ರೌರ್ಯವಿದೆ. ಈ ಕಹಿಯ ನಡುವೆ ನರಸಿಂಹರಾಜು ಅವರ ಕಾಶಿ ಬಂದು ಜನರನ್ನು ನಗಿಸುತ್ತಾನೆ. ಟೆಂಟ್ ಸಿನಿಮಾದ ನೆಲದ ಮೇಲೆ ಕುಳಿತು ಚಿತ್ರ ನೋಡಿದ ತಲೆಮಾರಿನವರು ಗುಬ್ಬಿ, ಕುಣಿಗಲುಗಳ ಹಳ್ಳಿಮನೆಗಳಲ್ಲಿ ಈಗಲೂ ಕೆಲವರಿದ್ದಾರೆ. ಕಣ್ಣಪ್ಪನಿಗಾಗಿ ಅತ್ತದ್ದನ್ನೂ ಕಾಶಿಯನ್ನು ಕಂಡು ನಕ್ಕದ್ದನ್ನೂ ಅವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅವರಿಗೆ ಅದು ಒಂದೇ ಚಿತ್ರ.

ಇನ್ನು ನಮಗೆ ಬಹು ಮುಖ್ಯವೆನಿಸುವ ಸಂಗತಿ. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆಬಿಟ್ಟು ಬಂದ ಬಾಲಕನೊಬ್ಬ ಗುಬ್ಬಿ ಕಂಪನಿಯಲ್ಲಿ ಆಶ್ರಯ ಪಡೆದನು. ಅವನ ಓದಿನ ಹಸಿವನ್ನು ಗುರುತಿಸಿದ ವೀರಣ್ಣನವರು ಮುಂದೆ ಅವನನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಆ ಬಾಲಕನೇ ಬಿ.ವಿ. ಕಾರಂತರು. 1975ರಲ್ಲಿ ಅವರು ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ‘ಚೋಮನ ದುಡಿ’ಯನ್ನು ನಿರ್ದೇಶಿಸಿದರು. ಸ್ವಂತ ಬೇಸಾಯ ಮಾಡಬೇಕೆಂಬ ಒಂದೇ ಆಸೆಯನ್ನು ಹೊತ್ತು, ಜಾತಿಯ ಕಾರಣದಿಂದ ಅದೂ ದಕ್ಕದೆ, ಸಾಲಕ್ಕೆ ಮಕ್ಕಳನ್ನು ಕಳೆದುಕೊಂಡು, ದುಡಿ ಬಾರಿಸುತ್ತ ಉಳಿಯುವ ಚೋಮನ ಕಥೆ ಅದು. ಚಿತ್ರಕ್ಕೆ ಸ್ವರ್ಣಕಮಲವೂ ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂದವು. ‘ಬೇಡರ ಕಣ್ಣಪ್ಪ’ದಲ್ಲಿ ನಟಿಸಿದ್ದ ಜಿ.ವಿ. ಅಯ್ಯರ್ ಅವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ಅವರು ಅದೇ 1975ರಲ್ಲಿ ‘ಹಂಸಗೀತೆ’ಯನ್ನು ನಿರ್ದೇಶಿಸಿದರು. ‘ಕಲಾತ್ಮಕ ಚಿತ್ರ’ವೆಂದು ನಾವು ದೂರವಿಡುವ ಪರಂಪರೆಯ ಇಬ್ಬರು ಹಿರಿಯರು ಉಂಡದ್ದು ಜನರನ್ನು ನಗಿಸಿ ಗಳಿಸಿದ ಅನ್ನ.

ಇದೇ ಪ್ರಶ್ನೆಯನ್ನು ಅಮೆರಿಕದ ಪ್ರೆಸ್ಟನ್ ಸ್ಟರ್ಜಿಸ್ 1941ರ ‘ಸಲಿವನ್ಸ್ ಟ್ರಾವೆಲ್ಸ್’ ಚಿತ್ರದಲ್ಲಿ ಎತ್ತಿದ್ದರು. ಹಾಸ್ಯಚಿತ್ರಗಳಿಂದ ಬೇಸತ್ತ ನಿರ್ದೇಶಕನೊಬ್ಬ ಬಡವರ ಬಾಳನ್ನು ಕುರಿತು ಗಂಭೀರ ಚಿತ್ರ ತೆಗೆಯಬೇಕೆಂದು ಹರಕು ಬಟ್ಟೆ ತೊಟ್ಟು ಊರೂರು ಅಲೆದು, ಕಡೆಗೆ ಸೆರೆಮನೆಗೆ ಬೀಳುತ್ತಾನೆ. ಒಂದು ರಾತ್ರಿ ಕೈದಿಗಳಿಗೆ ಇಗರ್ಜಿಯಲ್ಲಿ ನಾಯಿಯ ವ್ಯಂಗ್ಯಚಿತ್ರ ತೋರಿಸುತ್ತಾರೆ. ಸರಪಳಿ ತೊಟ್ಟವರೆಲ್ಲ ನಗುತ್ತಾರೆ, ಅವನೂ ನಗುತ್ತಾನೆ. ಬಿಡುಗಡೆಯಾದ ಮೇಲೆ ಹಾಸ್ಯಚಿತ್ರವನ್ನೇ ತೆಗೆಯುವೆನೆಂದು ನಿಶ್ಚಯಿಸುತ್ತಾನೆ. ಚಿತ್ರ ಸೊಗಸಾದದ್ದು. ಆದರೆ ಆ ಉತ್ತರ ನಮಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬಡವನಿಗೆ ನಗು ಸಾಕು ಎಂದರೆ ಅವನ ಸರಪಳಿಯನ್ನು ಬಿಚ್ಚುವ ಮಾತು ಎಲ್ಲಿ ಉಳಿಯಿತು? ಚೋಮನಿಗೆ ಬೇಕಾಗಿದ್ದದ್ದು ನಗುವಲ್ಲ, ಭೂಮಿ.

ಹಾಗೆಂದು ಪಕ್ಷ ಬದಲಿಸುವಂತೆಯೂ ಇಲ್ಲ. ದುಃಖವನ್ನು ಮಾತ್ರ ತೋರುವ ಚಿತ್ರವು ನೋಡುವವನಿಗೆ ಒಂದು ಬಗೆಯ ಸುಖವನ್ನೇ ಕೊಡುವ ಅಪಾಯವಿದೆ. ಕುರ್ಚಿಯಲ್ಲಿ ಕುಳಿತು ಕಣ್ಣೀರು ಸುರಿಸಿ, ತನ್ನ ಕರ್ತವ್ಯ ಮುಗಿಯಿತೆಂದು ಎದ್ದು ಹೋಗಬಹುದು. ಹಾಸ್ಯಕ್ಕೂ ತನ್ನದೇ ರೋಗವಿದೆ. ತೊದಲುವವನನ್ನು, ದಪ್ಪಗಿರುವವಳನ್ನು, ಮನೆಯ ಆಳನ್ನು ಗೇಲಿಮಾಡಿ ನಗಿಸುವ ದೃಶ್ಯಗಳು ನಮ್ಮ ಚಿತ್ರಗಳಲ್ಲಿ ಕಡಿಮೆಯಿಲ್ಲ. ವೀರಣ್ಣನವರ ರಂಗದ ಮೇಲೆ ನಗೆಗೆ ಗುರಿಯಾದವನು ರಾಜ್ಯ ಕೇಳುವ ವರ್ತಕ. ಗೇಲಿ ಮೇಲಕ್ಕೆ ಹತ್ತುತ್ತಿತ್ತೇ ಹೊರತು ಕೆಳಕ್ಕೆ ಇಳಿಯುತ್ತಿರಲಿಲ್ಲ. ಅಂಬಿಗರ ಚೌಡಯ್ಯನವರ ಕಟಕಿಯ ವಚನಗಳನ್ನು ಓದಿದ ನಮ್ಮ ಜನಕ್ಕೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಎರಡನ್ನೂ ಬೆರೆಸಿದ ಚಿತ್ರಗಳು ಆಮೇಲೆಯೂ ಬಂದಿವೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1986ರಲ್ಲಿ ಮಾಡಿದ ‘ತಬರನ ಕಥೆ’ಯಲ್ಲಿ ನಿವೃತ್ತ ಜವಾನನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡುವಾಗ ಮೊದಲು ನಗೆಯೇ ಬರುತ್ತದೆ. ಕಾಗದದ ಕಟ್ಟು ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಳಿದ ಯಾರಿಗೆ ಆ ನಗೆ ಹೊಸದು? ಆ ನಗೆ ಯಾವ ಗಳಿಗೆಯಲ್ಲಿ ಗಂಟಲಿನಲ್ಲಿ ನಿಂತಿತೆಂದು ತಿಳಿಯುವುದೇ ಇಲ್ಲ. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಚಿತ್ರಗಳಿಗೆ ಹಾಸ್ಯ ಬರೆದು ನಟಿಸಿದ ಕುಣಿಗಲ್ ನಾಗಭೂಷಣ್ ಅವರಂಥವರ ಶ್ರಮವನ್ನು ಮಾತ್ರ ಯಾರೂ ಅಷ್ಟಾಗಿ ಬರೆದಿಡಲಿಲ್ಲ. ಗಂಭೀರ ಚಿತ್ರಗಳ ಮೇಲೆ ವಿಮರ್ಶೆಯ ಪುಸ್ತಕಗಳಿವೆ, ನಗಿಸಿದವರ ಪಾಲಿಗೆ ಜನರ ನೆನಪೊಂದೇ.

ತುಮಕೂರು ನಗರದಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅವರ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಹೊಸ ತಲೆಮಾರಿನ ಮುಂದೆ ಮತ್ತೆ ಆಡಿಸಿದರು. ಶಾಲೆಯ ರಜೆ ಬಂದಾಗ ಮನೆಯವರೆಲ್ಲ ಕೂಡಿ ಒಂದು ಸಂಜೆ ‘ಬೇಡರ ಕಣ್ಣಪ್ಪ’ವನ್ನೂ ಮರುಸಂಜೆ ‘ಚೋಮನ ದುಡಿ’ಯನ್ನೂ ನೋಡಬಹುದು. ಎರಡನೆಯದು ಮುಗಿದಾಗ ಚೋಮನಿಗೆ ಭೂಮಿ ಏಕೆ ಸಿಗಲಿಲ್ಲವೆಂದು ಮಕ್ಕಳು ಕೇಳುತ್ತಾರೆ. ಅವರಿಗೆ ಉತ್ತರ ಹೇಳಲು ಅಜ್ಜ ಅಜ್ಜಿಯರೂ ಜೊತೆಯಲ್ಲಿ ಕುಳಿತಿರುವುದು ಒಳ್ಳೆಯದು.